ಬರ್ನಡೀನ್‌ಳ ಮೆಷಿನ್ ಆಫ್ ಮಾಡಬೇಡಿ

ಜನವರಿ 8, ಸೋಮವಾರ

ಹೊರಗೆ ಮೈನಸ್ ಇಪ್ಪತ್ತು. ಒಳಗೆ ಕಂಪ್ಯೂಟರುಗಳೂ ಹೆಪ್ಪುಗಟ್ಟಿವೆ. ಬಡವರಿಗೆ ಚಳಿಗಾಲದಲ್ಲಿ ಹೀಟಿಂಗ್ ನೆರವು ಕೊಡುವ ಕೌಂಟಿ ಆಫೀಸಂತೆ ಇದು! ಒಂದು ಅರ್ಜಿ ತೆರೆಯುವಷ್ಟರಲ್ಲಿ ಅರ್ಜಿದಾರರು ನಡುಗಿ ಹಣ್ಣಾಗುತ್ತಾರೆ.

ಪಕ್ಕದ ಮೇಜಿನ ಬರ್ನಡೀನ್ ಮಾತ್ರ ತಣ್ಣಗಿದ್ದಾಳೆ. ಪರದೆಯ ಮೇಲೆ ಚಕ್ರ ತಿರುಗತೊಡಗಿದರೆ ಉಣ್ಣೆ ತೆಗೆದು ಹೆಣೆಯುತ್ತಾಳೆ. ಆಫೀಸಿನ ಎಲ್ಲರ ತಲೆಯ ಮೇಲೂ ಅವಳ ಟೋಪಿ.

"ಇದು ಹೀಗೇ ಇನ್ನೊಂದು ವರ್ಷ ನಡೀಲಿ, ವರ್ನಾ, ಇಡೀ ಮಿನೆಸೋಟಾಕ್ಕೆ ಸ್ವೆಟರ್ ಹಾಕಿಬಿಡ್ತೀನಿ" ಅಂದಳು ನನಗೆ.

ಜನವರಿ 10

ಹೊಸ ಸೂಪರ್‌ವೈಸರ್ ಎಲ್ಡನ್ ಅವಳು ಹೆಣೆಯುವುದನ್ನು ನೋಡಿದ. ಅರ್ಜಿಗಳ ವಿಲೇವಾರಿಯಲ್ಲಿ ಅವಳು ಎಲ್ಲರಿಗಿಂತ ಹಿಂದೆ ಅಂತೆ. ಹಿಂದೆ ಇರದೆ ಇನ್ನೇನು? ಆಫೀಸಿನ ಅತಿ ಹಳೆಯ ಡಬ್ಬಾ ಕಂಪ್ಯೂಟರ್ ಇರುವುದು ಅವಳ ಮೇಜಿನ ಮೇಲೆ.

"ಅವಳ ಮೆಷಿನ್ ಮುಂದೆ ನೀನೇ ಒಂದು ಗಳಿಗೆ ಕೂತು ನೋಡಪ್ಪಾ" ಅಂದೆ.

"ಎಲ್ಲರದ್ದೂ ನಿಧಾನವೇ. ಬೇರೆಯವರು ನೆಪ ಹೇಳಲ್ಲ."

ಶುಕ್ರವಾರ ಒಬ್ಬ ಪರಿಶೀಲಕ ಬಂದು ದಿನವಿಡೀ ಅವಳ ಪಕ್ಕ ಕೂರುತ್ತಾನಂತೆ. ಅವತ್ತೂ ಹಿಂದೆ ಬಿದ್ದರೆ ಮನೆಗೆ. ಅವಳ ಗಂಡ ಆರಿನ್‌ನ ಶ್ವಾಸಕೋಶದ ಚಿಕಿತ್ಸೆ ನಿಂತಿರುವುದೇ ಅವಳ ಕೆಲಸದ ವಿಮೆಯ ಮೇಲೆ. ನನಗೇ ಊಟ ಸೇರಲಿಲ್ಲ.

ಜನವರಿ 12, ಶುಕ್ರವಾರ, ಬೆಳಿಗ್ಗೆ

ಎಲ್ಲರಿಗಿಂತ ಮೊದಲೇ ಬಂದೆ. ಇಲ್ಲಿ ಯಾರೂ ಮೆಷಿನ್ ಆಫ್ ಮಾಡುವುದಿಲ್ಲ — ರಾತ್ರಿಯೂ, ರಜೆಯಲ್ಲೂ. ಮಲಗಿದರೆ ಮತ್ತೆ ಏಳುವುದು ಕಷ್ಟ. ಪ್ರತಿಯೊಂದರ ಮೇಲೂ ಹಳದಿ ಚೀಟಿ: ಆಫ್ ಮಾಡಬೇಡಿ. ಇನ್ನೊಬ್ಬರ ಮೆಷಿನ್ ಮುಟ್ಟಿದರೆ ಕೆಲಸವೇ ಹೋಗುತ್ತದೆ, ಅದೂ ಗೊತ್ತು.

ಆದರೂ... ಒಂದು ಸಲ ಮಲಗಿ ಎದ್ದರೆ ಇವತ್ತೊಂದು ದಿನ ಚುರುಕಾಗಿ ಓಡೀತು ಅನಿಸಿತು. ಬೇಕಾದಷ್ಟು ಸಮಯವಿತ್ತು. ಅವಳ ಕುರ್ಚಿಯಲ್ಲಿ ಕೂತು, ಕಾಫಿ ಕುಡಿಯುತ್ತ, ಆಫ್ ಬಟನ್ ಒತ್ತಿಬಿಟ್ಟೆ.

ಅಪ್‌ಡೇಟ್ ಶುರುವಾಯಿತು. ಶೇಕಡಾ ಮೂರು. ಇನ್ನೂ ಮೂರೇ. ಯಾರೋ ಬಾಗಿಲು ತೆಗೆದರು, ಓಡಿ ನನ್ನ ಜಾಗಕ್ಕೆ ಬಂದು ಕೂತೆ.

ಅದೇ ದಿನ, ಸಂಜೆ

ಊಟದ ಹೊತ್ತು ಕಳೆದರೂ ಏಳಲಿಲ್ಲ ಅದು. ಪರಿಶೀಲಕ ಪೆನ್ನು ಹಿಡಿದು ಕೂತಿದ್ದ. ಬರ್ನಡೀನ್ ಒಮ್ಮೆ ಮೇಜು ನೋಡಿದಳು, ಒಮ್ಮೆ ಪರದೆ ನೋಡಿದಳು. ಆಮೇಲೆ ಹಸಿರು ಉಣ್ಣೆ ತೆಗೆದು ಅವನೆದುರಿಗೇ ಹೆಣೆಯಲು ಕೂತಳು! ತಲೆ ಚಚ್ಚಿಕೊಳ್ಳುವಂತಾಯಿತು.

ಎಲ್ಡನ್ ಬಂದ. "ಯಾರು ಆಫ್ ಮಾಡಿದ್ದು ಇದನ್ನ?"

ನಾನು ಎದ್ದು ನಿಂತೆ. "ಎಲ್ಡನ್, ಅದು —"

"ವರ್ನಾ, ನಿನ್ನ ಕೆಲಸ ನೀನು ನೋಡ್ಕೋ" ಎಂದು ಗದರಿದಳು ಬರ್ನಡೀನ್. ಎಂದೂ ಗದರಿದವಳಲ್ಲ. ಅವನ ಕಡೆ ತಿರುಗಿ, "ನಾನೇ ಮಾಡಿದ್ದು. ವಯಸ್ಸಾಯ್ತಲ್ಲಪ್ಪಾ, ಮರ್ತುಹೋಯ್ತು" ಅಂದಳು.

ನಾನು ಕೂತೆ. ಕೂತುಬಿಟ್ಟೆ. ಥೂ.

ಮನೆಗೆ ಬಂದರೆ ಕಾಫಿ ಮಗ್ ಕೂಡ ಇಲ್ಲ. ಎಲ್ಲಿ ಬಿಟ್ಟೆನೋ.

ಜನವರಿ 19

ಬರ್ನಡೀನ್‌ಳ ಕೆಲಸ ಹೋಯಿತು. ಬೀಳ್ಕೊಡುಗೆಗೆ ಕೇಕ್ ಕತ್ತರಿಸಿದೆವು. ಎಲ್ಡನ್ ಭಾಷಣ ಬೇರೆ ಮಾಡಿದ.

ಫೆಬ್ರವರಿ 4

ಚರ್ಚ್ ಮುಗಿಸಿ ಅವಳ ಮನೆಗೆ ಊಟಕ್ಕೆಂದು ಒಲೆಯಲ್ಲಿ ಬೇಯಿಸಿದ ಹಾಟ್‌ಡಿಶ್ ಒಯ್ದೆ. ಒಳಗೆ ಆರಿನ್ ಕೆಮ್ಮುವುದು ಕೇಳಿಸಿತು. ಬಾಗಿಲು ತಟ್ಟಲು ಕೈ ಬರಲಿಲ್ಲ. ಮೆಟ್ಟಿಲ ಮೇಲಿಟ್ಟು ಬಂದೆ. ಹೇಡಿ ನಾನು.

ಮಾರ್ಚ್ 11

ಹೊಸ ಕಂಪ್ಯೂಟರುಗಳು ಬಂದವು. ಕಣ್ಣು ಮಿಟುಕಿಸುವಷ್ಟರಲ್ಲಿ ಅರ್ಜಿ ತೆರೆಯುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ತಿಂಗಳು... ಎರಡೇ ತಿಂಗಳು ಮೊದಲು ಬರಬಾರದಿತ್ತೇ ಇವು?

ಬರ್ನಡೀನ್‌ಳ ಮೇಜು ತೆರವು ಮಾಡಲು ನನಗೇ ಹೇಳಿದರು. ಕೆಳಗಿನ ಡ್ರಾಯರ್ ಎಳೆದೆ.

ನನ್ನ ಮಗ್. ಆ ಬೆಳಿಗ್ಗೆ ಅವಳ ಮೇಜಿನ ಮೇಲೇ ಬಿಟ್ಟು ಓಡಿದ್ದೆ. ಎಲ್ಡನ್ ಕಣ್ಣಿಗೆ ಬೀಳುವ ಮೊದಲೇ ಎತ್ತಿಟ್ಟಿದ್ದಾಳೆ. ತೊಳೆದಿದ್ದಾಳೆ. ಅದಕ್ಕೊಂದು ಹಸಿರು ಉಣ್ಣೆಯ ಕವಚ, ಸರಿಯಾದ ಅಳತೆಯದು.

ಸಂಜೆ ಆರು

ಫೋನ್ ಮಾಡಿದೆ. ಆ ಕಡೆ ಅವಳೇ ಎತ್ತಿಕೊಂಡಳು. "ಯಾರು, ವರ್ನಾನಾ? ಮಗ್ ಸಿಕ್ತಾ?" ಅಂದಳು. ನಾನು "ಸಿಕ್ತು. ಈಗಲೇ ಬರ್ತೀನಿ, ಈ ಸಲ ಬಾಗಿಲು ತಟ್ತೀನಿ" ಅಂದೆ.