ಅಕ್ಕನ ಗಾಜಿನ ಲೋಟ

ಮಾರ್ಚ್ ೧೪, ಗುರುವಾರ

ನನ್ನ ಜಾಣತನವೇ ನಮ್ಮ ಕೆರೆಯ ಏರಿಗೆ ಮುಳುವಾಗುತ್ತಿತ್ತು. ಇಲ್ಲಿ ಬಿಟ್ಟರೆ ಬೇರೆಲ್ಲೂ ಇದನ್ನು ಒಪ್ಪಿಕೊಳ್ಳಲಾರೆ.

ಅಪ್ಪ ಕಟ್ಟಿಸಿದ ಮಣ್ಣಿನ ಏರಿ. ಅದರ ಕೆಳಗೇ ಅಕ್ಕನ ಮನೆ. ಬುಡದಲ್ಲಿ ನೀರು ಜಿನುಗುತ್ತಿದೆ ಎಂದು ಅವಳು ಹೇಳಿದಾಗಲೆಲ್ಲ ಹೊರಗಿನಿಂದ ಜೇಡಿಮಣ್ಣು ಮೆತ್ತಿ ಸುಮ್ಮನಾಗುತ್ತಿದ್ದೆ. ಏರಿ ಒಡೆದೀತೆಂಬ ಭಯಕ್ಕೆ ಒಂದು ತಿಂಗಳಿಂದ ಅವಳು ಮಂಡಿನೋವು ಕಟ್ಟಿಕೊಂಡೇ ಮಹಡಿ ಹತ್ತಿ ಮಲಗುತ್ತಿದ್ದಾಳೆ. ಹೋದ ವಾರ ಸೋರಿದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ತಂದು ನನ್ನ ಊಟದ ಮೇಜಿನ ಮೇಲೆ ಕುಕ್ಕಿದಳು. ತಳದಲ್ಲಿ ಕೆಸರು. ಅಂದೇ ಕೆರೆ ಕೆಲಸ ನೋಡುವ ಇಂಜಿನಿಯರಮ್ಮನಿಗೆ ಫೋನ್ ಮಾಡಿದೆ, ಅವರು ಹೇಳಿದಂತೆ ತೂಬು ತೆರೆದು ಕೆರೆಯನ್ನು ಅರ್ಧಕ್ಕೆ ಇಳಿಸಿದೆ.

ಇವತ್ತು ಅವರು ಬಂದರು. ಮೂರು ವರ್ಷದ ನನ್ನ ಮೇಸ್ತ್ರಿಗಿರಿಯ ಜೇಡಿಮಣ್ಣನ್ನೆಲ್ಲ ಅರ್ಧ ಗಂಟೆಯಲ್ಲಿ ಕಿತ್ತು ಗುಡ್ಡೆ ಹಾಕಿಸಿದರು.

"ಹೊರಗಡೆ ಮುಚ್ಚಿದ್ರೆ ನೀರು ಒಳಗೇ ಬೇರೆ ದಾರಿ ಹುಡುಕುತ್ತೆ. ಸೋರಲಿ ಬಿಡಿ. ಅದರ ಜೊತೆ ಮಣ್ಣು ಹೋಗಬಾರದು, ಅಷ್ಟೆ," ಎಂದರು. ಆ ಜಾಗಕ್ಕೆ ಮರಳು ಹಾಸಿ, ಮೇಲೆ ಜಲ್ಲಿ ಹರಡಿಸಿದರು.

ಸಂಜೆ ಜಲ್ಲಿಯ ಸಂದಿಯಿಂದ ನೀರು ಬಂತು. ಅಕ್ಕ ಅದೇ ಲೋಟದಲ್ಲಿ ಹಿಡಿದು, ತನ್ನ ಮೆಟ್ಟಿಲ ಮೇಲಿಟ್ಟು, ಕೆಸರು ತಳಕ್ಕಿಳಿಯುತ್ತದೇನೋ ಎಂದು ಪಕ್ಕದಲ್ಲಿ ಒಂದು ಗಂಟೆ ಕೂತಳು. ನಾನೂ ಕೂತೆ. ತಳ ನಿಚ್ಚಳವಾಗಿತ್ತು.

"ನಿನ್ನ ನಂಬೋಕೆ ಇನ್ನೂ ಸ್ವಲ್ಪ ದಿನ ಬೇಕು ಕಣೋ. ಲೋಟಾನ ನಂಬ್ತೀನಿ," ಎಂದಳು.

ಇನ್ನು ದಿನಾ ಬೆಳಿಗ್ಗೆ ಒಂದು ಲೋಟ ಹಿಡಿದು ನೋಡುವ ಕೆಲಸ ನನ್ನದು.

ಕಿಟಕಿಯಿಂದ ಅವಳ ಮನೆ ಕಾಣುತ್ತಿದೆ. ಮಹಡಿಯಲ್ಲಿ ಬೆಳಕಿಲ್ಲ. ಕೆಳಗಿನ ಕೋಣೆಯ ದೀಪ ಈಗಷ್ಟೇ ಆರಿತು. ನಾನೂ ಇನ್ನು ಮಲಗುತ್ತೇನೆ.