ಸ್ಟೂಲಿಗೆ ತಾಗದೆ ಹೋದ ಕುರುಡ

ಮಾರ್ಚ್ 3, ಬೆಳಿಗ್ಗೆ 6
ಹಾಲು ಕಾಸಿದೆ. ಪೇಪರ್ ಓದಿದೆ. ತಮ್ಮನ ಕುರುಡು ನಾಟಕ ಶುರುವಾಗಿ ಇವತ್ತಿಗೆ ಇಪ್ಪತ್ತು ದಿನ. ಸ್ಟ್ರೋಕ್ ಆಗಿದ್ದು ನಿಜ, ಒಪ್ಪುತ್ತೇನೆ. ಕೈಕಾಲು ಗಟ್ಟಿ, ನಾಲಿಗೆ ಗಟ್ಟಿ. ಕಣ್ಣು ಮಾತ್ರ ಒಂಚೂರೂ ಕಾಣುವುದಿಲ್ಲವಂತೆ! ಅವನ ಹೆಂಡತಿ ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಾಳೆ. ದಡ್ಡಿ.

ಮೂವತ್ತೊಂದು ವರ್ಷ ಪರೀಕ್ಷಾ ಕೊಠಡಿಯಲ್ಲಿ ಕಾವಲು ನಿಂತವಳು ನಾನು. ಚಪ್ಪಲಿ ಬಿಟ್ಟು ಸದ್ದಿಲ್ಲದೆ ಬಂದರೆ ಎಂಥ ಚೀಟಿಯೂ ಸಿಗುತ್ತದೆ. ನನ್ನ ಕಣ್ಣಿಗೆ ಮಣ್ಣೆರಚುವವನು ಇನ್ನೂ ಹುಟ್ಟಿಲ್ಲ.

ಮಾರ್ಚ್ 4
ನಡುಮನೆಯಲ್ಲಿ ಸ್ಟೂಲು ಇಟ್ಟೆ. ಯಾರಿಗೂ ಹೇಳಲಿಲ್ಲ. ತಮ್ಮ ಒಬ್ಬನೇ ಬಂದ... ಸ್ಟೂಲಿಗೆ ತಾಗದೆ ಸುತ್ತಿಕೊಂಡು ಹೋದ!
"ಯಾಕೋ ಪಕ್ಕಕ್ಕೆ ಸರಿದೆ?"
"ನೆಟ್ಟಗೇ ಬಂದ್ನಲ್ಲಕ್ಕ."
ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕಳ್ಳ. ಅವನು ಕೆಲಸ ಮಾಡುತ್ತಿದ್ದ ಮರಗೆಲಸದ ಶಾಪಿನ ಓನರ್‌ಗೆ ಫೋನ್ ಮಾಡಿದೆ — ಸೋಮವಾರ ಬರುತ್ತಾನೆ, ಗರಗಸದ ಮಷೀನಿಗೇ ನಿಲ್ಲಿಸಿ. ಅವನ ಹೆಂಡತಿ ಅತ್ತಳು: "ಬೆರಳು ಹೋಗತ್ತೆ ಅಕ್ಕಾ." ಬೆರಳು ಹೋಗುವ ಮುಂಚೆ ಕಣ್ಣು ಬರುತ್ತದೆ ಎಂದೆ.

ಮಾರ್ಚ್ 7
ಆಸ್ಪತ್ರೆ. ಡಾಕ್ಟರ್ ಮೊನ್ನೆ ಮೊನ್ನೆ ಮೀಸೆ ಬಂದವನು. ಸ್ಟೂಲಿನ ಕಥೆ ಹೇಳಿದೆ. ಅವನಿಗೆ ಆಶ್ಚರ್ಯವೇ ಇಲ್ಲ. "ಕಣ್ಣು ಚೆನ್ನಾಗೇ ಇದೆ ಅಮ್ಮ. ಮೆದುಳಲ್ಲಿ ನೋಡೋ ಜಾಗ ಹೋಗಿದೆ. ಆದ್ರೆ ಕಣ್ಣಿಂದ ಒಳಗೆ ಬೇರೆ ಸಣ್ಣ ದಾರಿಗಳೂ ಇವೆ. ಸ್ಟೂಲು ಕಾಲಿಗೆ ಗೊತ್ತಾಗತ್ತೆ, ಅವ್ರಿಗೆ ಗೊತ್ತಾಗಲ್ಲ."
ಅಜ್ಜಿಗೆ ಕೆಮ್ಮು ಕಲಿಸಲು ಬಂದ.

ಆಮೇಲೆ ತಮ್ಮನ ಮುಂದೆ ಫೋಟೋಗಳನ್ನು ಹಿಡಿದ. ಸಿಟ್ಟಿನ ಮುಖ, ನಗುವ ಮುಖ.
"ಏನೂ ಕಾಣಲ್ಲ ಡಾಕ್ಟ್ರೇ."
"ಸುಮ್ನೆ ಊಹೆ ಮಾಡಿ."
ಇಪ್ಪತ್ತರಲ್ಲಿ ಹದಿನಾರು ಸರಿ! "ಸಿಕ್ಕಿಬಿದ್ದ" ಎಂದು ಚಪ್ಪಾಳೆ ತಟ್ಟಿದೆ. ಡಾಕ್ಟರ್ ನನ್ನ ಕಡೆ ತಿರುಗಲೂ ಇಲ್ಲ. "ಹೇಗೆ ಹೇಳಿದ್ರಿ?"
"ಕೆಲವು ಫೋಟೋ ಹಿಡಿದಾಗ ಏನೋ ಹೆದರಿಕೆ ಆಗತ್ತೆ. ಮನೇಲೂ ಆಗತ್ತೆ ಡಾಕ್ಟ್ರೇ. ಯಾರೂ ಇಲ್ದೇ ಇರೋವಾಗ, ಸುಮ್ಸುಮ್ನೆ ಭಯ."
ಕಥೆ ಕಟ್ಟುವುದರಲ್ಲಿ ಎತ್ತಿದ ಕೈ.

ಮಾರ್ಚ್ 8, ಮಧ್ಯಾಹ್ನ
ಚಪ್ಪಲಿ ಬಿಟ್ಟು ಹೋದೆ. ತಮ್ಮನ ಬಾಗಿಲಲ್ಲಿ ನಿಂತೆ, ಉಸಿರು ಬಿಗಿಹಿಡಿದು, ಹುಬ್ಬು ಗಂಟಿಕ್ಕಿ. ಮಂಚದ ಮೇಲೆ ಕೂತಿದ್ದ, ಮುಖ ಈ ಕಡೆಗೆ. ಭುಜ ಮುದುಡಿತು. ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದ. ಹೆಂಡತಿಯನ್ನು ಕೂಗಿದ: "ಬಾ ಇಲ್ಲಿ, ಮತ್ತೆ ಹಾಗೇ ಆಗ್ತಿದೆ. ಯಾರಿದಾರೆ?"
ಅವಳು ಬಂದಳು. ನನ್ನ ಮುಖವನ್ನೇ ನೋಡಿದಳು.
"ಯಾರೂ ಇಲ್ಲ ಬಿಡಿ."
ದಡ್ಡಿಯಲ್ಲ ಅವಳು.

ಮಾರ್ಚ್ 9
ಓನರ್‌ಗೆ ಫೋನ್ ಮಾಡಿದೆ, ತಮ್ಮ ಬರುವುದಿಲ್ಲ ಎಂದು. ತಪ್ಪು ನನ್ನದು ಎನ್ನಲಿಲ್ಲ. ಡಾಕ್ಟರ್ ಬೇಡ ಎಂದರು ಎಂದೆ. ಸುಳ್ಳಿ ನಾನು.

ಮಾರ್ಚ್ 21, ಸಂಜೆ
ಹನ್ನೆರಡು ದಿನದಿಂದ ಕನ್ನಡಿಯ ಮುಂದೆ ನಗುವ ಅಭ್ಯಾಸ. ಥೂ, ಈ ವಯಸ್ಸಿನಲ್ಲಿ. ಬಾಯಿ ನಗುತ್ತದೆ, ಹುಬ್ಬು ಮಾತು ಕೇಳುವುದಿಲ್ಲ.

ಇವತ್ತು ಮತ್ತೆ ಅವನ ಬಾಗಿಲಲ್ಲಿ ನಿಂತೆ. ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು ಇವನು, ಎಂದು ನೆನೆದುಕೊಂಡೇ ನಕ್ಕೆ. ಅವನ ಭುಜ ನೋಡುತ್ತಿದ್ದೆ. ಮೊದಲು ಅಲುಗಲಿಲ್ಲ. ಆಮೇಲೆ ಮೆಲ್ಲಗೆ ಮುದುಡಿತು. ಕೈ ಹೊದಿಕೆಯ ಕಡೆಗೆ ಹೋಯಿತು.