ಈ ವಾರ ನಾನೇ ಯಜಮಾನ

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದ, ಭಾವನವರಿಗೆ ನಮಸ್ಕಾರ. ಒಂಟಿಯಾಗಿ ಯಾಕಿರ್ತೀಯ, ನಮ್ಮನೆಗೇ ಬಂದುಬಿಡು ಅಂತ ಬರೆದಿದ್ದೀಯಲ್ಲ, ಮೊದಲು ಇದನ್ನು ಕೇಳು. ನಾನು ಬಾಡಿಗೆಗಿರುವ ಈ ವಠಾರಕ್ಕೆ ವಾರಕ್ಕೊಬ್ಬರು ಯಜಮಾನರು. ಅವರು ಹೇಳಿದ ಕೆಲಸವನ್ನು ಉಳಿದವರು ಮಾಡಬೇಕು. ಈ ವಾರ ಸರದಿ ನನ್ನದು! ಬೆಳಿಗ್ಗೆ ಎದುರು ಕೋಣೆಯ ರಿಟೈರ್ಡ್ ಜಡ್ಜ್ ಸಾಹೇಬರು ಪೊರಕೆ ಹಿಡಿದು ಬಂದು, "ಮೆಟ್ಟಿಲು ಮೇಲಿಂದ ಗುಡಿಸ್ಲೋ, ಕೆಳಗಿಂದ್ಲೋ ಸ್ವಾಮಿ?" ಎಂದರು. ಕಾಲೇಜಿನ ಇಂಗ್ಲಿಷು ನಾಲಿಗೆಗೆ ಬಂದೇಬಿಟ್ಟಿತು: "ಆರ್ಡರ್, ಆರ್ಡರ್! ಫ್ರಂ ದಿ ಟಾಪ್, ಯುವರ್ ಆನರ್!"

"ನಗ್ರೀ, ನಗ್ರೀ. ಮುಂದಿನ ವಾರ ನಂದು ದರ್ಬಾರು. ನಿಮ್ ಕೈಲಿ ಬಚ್ಚಲು ತಿಕ್ಕಿಸ್ತೀನಿ," ಎಂದು ಗುಡಿಸತೊಡಗಿದರು.

ನಿನ್ನ ಅತ್ತಿಗೆ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಧಿಕಾರ ಅನ್ನುವುದು ಯಾರ ಕೈಯಲ್ಲೂ ಬಹಳ ದಿನ ನಿಲ್ಲಬಾರದು ಕಣೇ, ಆಗಲೇ ಅದರಲ್ಲಿ ಮಜ. ಮಂಡಿನೋವು ಪರವಾಗಿಲ್ಲ, ಊಟ ಸೇರುತ್ತಿದೆ. ಭಾವ ಮಾಡಿಸಿದ ಟಿಕೆಟ್ಟನ್ನು ರದ್ದು ಮಾಡಿಸು, ಬೇಜಾರು ಮಾಡಿಕೊಳ್ಳಬೇಡ. ಈಗ ಹೊರಟರೆ ಬಚ್ಚಲಿಗೆ ಹೆದರಿ ಓಡಿಹೋದ ಅಂತ ಜಡ್ಜು ತೀರ್ಪು ಕೊಟ್ಟುಬಿಡುತ್ತಾರೆ. ನೋಡು, ಒರೆಸುವ ಬಟ್ಟೆ ಎಲ್ಲಿ ಅಂತ ಆಗಲೇ ನನ್ನನ್ನು ಕೂಗುತ್ತಿದ್ದಾರೆ.

ನಿನ್ನ ಅಣ್ಣ